ಒಂದೇ ದಿನದಲ್ಲಿ ಮೌಂಟ್ ವಿಟ್ನಿ: ಹೋಗುವವರಿಗೆ ಒಂದಿಷ್ಟು ಮಾತು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮೌಂಟ್ ವಿಟ್ನಿ ಬೆಟ್ಟ ಹತ್ತುವ ಆಸೆ ಇದ್ದರೆ ಫೆಬ್ರವರಿಯಲ್ಲೇ ಕೆಲಸ ಶುರು ಮಾಡಿ. ಮೇ 1ರಿಂದ ನವೆಂಬರ್ 1ರವರೆಗೆ ದಿನಕ್ಕೆ 100 ಜನರಿಗೆ ಮಾತ್ರ ಒಂದು ದಿನದ ಪರ್ಮಿಟ್ ಕೊಡುತ್ತಾರೆ, ಅದೂ ಲಾಟರಿಯಲ್ಲಿ. ಅರ್ಜಿ ಹಾಕುವುದು ಫೆಬ್ರವರಿ 1ರಿಂದ ಮಾರ್ಚ್ 1ರೊಳಗೆ. ಎಲ್ಲರೂ ಶನಿವಾರವನ್ನೇ ಕೇಳುತ್ತಾರೆ. ನೀವು ಮಂಗಳವಾರವೋ ಬುಧವಾರವೋ ಕೇಳಿ, ಆಫೀಸಿಗೆ ರಜೆ ಹಾಕಿ. ಲಾಟರಿ ತಾಗದಿದ್ದರೂ ಬೇಜಾರಾಗಬೇಡಿ. ಕೊನೇ ಗಳಿಗೆಯಲ್ಲಿ ಬೇರೆಯವರು ಬಿಟ್ಟುಕೊಟ್ಟ ಪರ್ಮಿಟ್‌ಗಳು ವೆಬ್‌ಸೈಟಿನಲ್ಲಿ ಬರುತ್ತಲೇ ಇರುತ್ತವೆ.

ಬೇ ಏರಿಯಾದಿಂದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿಂದ ಹೋಗುವ ನಮ್ಮವರಿಗೆ ಟಯೋಗಾ ಪಾಸ್ ಎಂಬ ಘಾಟಿ ದಾಟಿ 395 ಹೆದ್ದಾರಿಯಲ್ಲಿ ಕೆಳಗಿಳಿಯುವ ದಾರಿಯೇ ಚೆಂದ. ಬೆಟ್ಟದ ಕೆಳಗಿನ ಲೋನ್ ಪೈನ್ ಊರಿನಲ್ಲಿ ಎರಡು ರಾತ್ರಿಗೆ ರೂಮ್ ಮಾಡಿ. ಒಂದು ರಾತ್ರಿ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹತ್ತುವ ದಾರಿ ಶುರುವಾಗುವ ವಿಟ್ನಿ ಪೋರ್ಟಲ್ ಇರುವುದೇ 8,360 ಅಡಿಯಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು ಎರಡು ಸಾವಿರ ಅಡಿ ಮೇಲೆ. ಅಲ್ಲಿಂದ 14,505 ಅಡಿಗೆ ಏರಬೇಕು, ಹೋಗಿ ಬರಲು 22 ಮೈಲಿ. ಹನ್ನೆರಡರಿಂದ ಹದಿನಾರು ಗಂಟೆ ಹಿಡಿಯುತ್ತದೆ. ಕಾಲಿಗಿಂತ ಜಾಸ್ತಿ ಕಾಡುವುದು ತೆಳು ಗಾಳಿ. ಅದಕ್ಕೇ ಹಿಂದಿನ ದಿನ ಸುಮ್ನೆ ಊರಲ್ಲಿ ಕೂರಬೇಡಿ. ಪೋರ್ಟಲ್‌ನಿಂದ ಮೂರು ಮೈಲಿಯೊಳಗೆ ಲೋನ್ ಪೈನ್ ಲೇಕ್ ಸಿಗುತ್ತದೆ. ಅಲ್ಲಿಯವರೆಗೆ ಪರ್ಮಿಟ್ ಬೇಕಿಲ್ಲ. ಸುತ್ತ ಪೈನ್ ಮರ, ತಣ್ಣನೆ ಹಸಿರು ನೀರು. ಕೆರೆಯ ಆ ಕಡೆ ಅಂಚಿನಲ್ಲಿ ನೆಲವೇ ಮುಗಿದುಹೋದಂತಿದ್ದು, ಆಚೆ ಬರೀ ಆಕಾಶ ಕಾಣುತ್ತದೆ. ಕೆರೆ ನೋಡಿದಂತೆಯೂ ಆಯಿತು, ಎತ್ತರಕ್ಕೆ ಮೈ ಸ್ವಲ್ಪ ಒಗ್ಗಿದಂತೆಯೂ ಆಯಿತು. ತುದಿಗೆ ಹೋಗುವ ದಿನ ಈ ಭಾಗವನ್ನು ಕತ್ತಲಲ್ಲೇ ದಾಟಿಬಿಡುತ್ತೀರಿ, ಏನೂ ಕಾಣುವುದಿಲ್ಲ.

ಹೌದು, ಕತ್ತಲಲ್ಲೇ. ರಾತ್ರಿ ಎರಡು-ಮೂರು ಗಂಟೆಗೆ ಹೊರಡಬೇಕು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಬರುವುದು ಮಾಮೂಲು. ಪೋರ್ಟಲ್‌ನಲ್ಲಿ ನಿಲ್ಲಿಸಿದ ಕಾರಿನಲ್ಲಿ ಒಂದು ಬಿಸ್ಕತ್ತನ್ನೂ ಬಿಡಬೇಡಿ. ಕರಡಿಗಳು ಬಾಗಿಲನ್ನೇ ಕಿತ್ತು ಹಾಕುತ್ತವೆ. ತಿಂಡಿ, ಟೂತ್‌ಪೇಸ್ಟ್, ವಾಸನೆ ಇರುವುದೆಲ್ಲ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಇನ್ನೊಂದು, ವ್ಯಾಗ್ ಬ್ಯಾಗ್, ಅಂದರೆ ಮಲ ಕಟ್ಟಿ ತರುವ ಚೀಲ. ಈ ದಾರಿಯಲ್ಲಿ ಗುಂಡಿ ತೋಡಿ ಮುಚ್ಚುವ ಹಾಗಿಲ್ಲ. ನಿಮ್ಮದನ್ನು ಚೀಲದಲ್ಲಿ ಕಟ್ಟಿ ನೀವೇ ಕೆಳಗೆ ತರಬೇಕು. ಮೊದಲು ಎಲ್ಲರೂ ನಗುತ್ತಾರೆ, ಆಮೇಲೆ ಎಲ್ಲರೂ ತರುತ್ತಾರೆ.

ಮಿರರ್ ಲೇಕ್ ದಾಟಿ ಮೇಲೆ ಬರುವಷ್ಟರಲ್ಲಿ ಮರಗಳು ಮುಗಿದು ಬರೀ ಬಂಡೆ. ಬಿಸಿಲು ಮೊದಲು ಮೇಲಿನ ಕಲ್ಲಿನ ಗೋಡೆಗೆ ಬೀಳುತ್ತದೆ, ಕೆಳಗಿನ ಕನ್ಸಲ್ಟೇಶನ್ ಲೇಕ್ ಇನ್ನೂ ಕಪ್ಪು ನೀಲಿಯಾಗಿರುತ್ತದೆ. ನನಗೆ ಇಡೀ ದಾರಿಯಲ್ಲಿ ಇದೇ ಹೆಚ್ಚು ಇಷ್ಟವಾಯಿತು, ತುದಿಗಿಂತಲೂ. ಅದರ ಪಕ್ಕದ ಟ್ರೇಲ್ ಕ್ಯಾಂಪ್ 12,000 ಅಡಿಯಲ್ಲಿದೆ. ನಂಬಬಹುದಾದ ಕೊನೆಯ ನೀರು ಇಲ್ಲೇ. ಫಿಲ್ಟರ್ ಮಾಡಿ ಮೂರು ಲೀಟರ್ ತುಂಬಿಸಿಕೊಳ್ಳಿ. ಬ್ಯಾಗನ್ನು ಕೆಳಗಿಟ್ಟು ಆ ಕಡೆ ತಿರುಗಬೇಡಿ. ಮಾರ್ಮೋಟ್ ಅಂತ ದಪ್ಪನೆಯ ಅಳಿಲಿನ ಜಾತಿಯದೊಂದು ಕಾಯುತ್ತಿರುತ್ತದೆ. ನಮ್ಮ ಗೆಳೆಯನ ಊರುಗೋಲಿನ ಪಟ್ಟಿಯನ್ನು ಬೆವರಿನ ಉಪ್ಪಿಗಾಗಿ ಒಂದು ಕೊನೆಯಿಂದ ಶಿಸ್ತಾಗಿ ಕಡಿಯುತ್ತಾ ಕೂತಿತ್ತು. ಓಡಿಸಿದರೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂತು.

ಮುಂದಿನದು 97 ಸ್ವಿಚ್‌ಬ್ಯಾಕ್‌ಗಳು, ಅಂದರೆ ಅಂಕುಡೊಂಕಾಗಿ ಏರುವ ತಿರುವುಗಳು. ಎಣಿಸಲು ಹೋಗಬೇಡಿ, ತಲೆ ಕೆಡುತ್ತದೆ. ನಿಧಾನವಾಗಿ, ಆದರೆ ನಿಲ್ಲದೆ ನಡೆಯಿರಿ. ಕಬ್ಬಿಣದ ಹಗ್ಗ ಕಟ್ಟಿರುವ ಕಡೆ ಬೇಸಿಗೆ ಶುರುವಿನಲ್ಲಿ ಮಂಜುಗಡ್ಡೆ ಉಳಿದಿರುತ್ತದೆ, ಹೊರಡುವ ಮುಂಚೆ ವಿಚಾರಿಸಿ. ಊಟದ ವಿಷಯ: ಈ ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ. ಒಣ ಚಪಾತಿ ಗಂಟಲಲ್ಲಿ ಇಳಿಯಲಿಲ್ಲ. ಪುಳಿಯೋಗರೆ ಇಳಿಯಿತು, ಕಡಲೆ ಚಿಕ್ಕಿಯೂ ಇಳಿಯಿತು. ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕ ಎಲ್ಲಕ್ಕಿಂತ ಮೇಲು.

ಈ ತಿರುವುಗಳ ಮೇಲಿರುವ ಬೆಟ್ಟಸಾಲಿನ ಏಣು, ಟ್ರೇಲ್ ಕ್ರೆಸ್ಟ್, ಮುಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ. ಆ ಕಡೆ ಹಿಚ್‌ಕಾಕ್ ಲೇಕ್ಸ್, ಗಿಟಾರ್ ಲೇಕ್ ಕಾಣುತ್ತವೆ, ನಿಜ. ಆದರೆ ದಾರಿ ಒಮ್ಮೆ ಕೆಳಗಿಳಿದು ಮತ್ತೆ ಏರುತ್ತದೆ, ತುದಿಗೆ ಇನ್ನೂ ಸುಮಾರು ಎರಡು ಮೈಲಿ ಇದೆ. ಅಂದರೆ ವಾಪಸ್ ಬರುವಾಗಲೂ ಒಂದು ಏರು ಕಾದಿರುತ್ತದೆ. ಮಧ್ಯಾಹ್ನ ಹನ್ನೆರಡಾದರೆ ಎಲ್ಲಿದ್ದರೂ ತಿರುಗಿ ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ತಲೆನೋವಿನ ಜೊತೆ ವಾಂತಿ, ನಡಿಗೆಯಲ್ಲಿ ತೂರಾಟ ಕಂಡರೆ ಗಂಟೆ ನೋಡುವುದೇ ಬೇಡ, ಕೂಡಲೇ ಇಳಿಯಿರಿ. ಒಬ್ಬರನ್ನೇ ಕಳಿಸಬೇಡಿ.

ತುದಿಯಲ್ಲಿ ಕಲ್ಲಿನ ಗುಡಿಸಲಿದೆ. ವಿಜ್ಞಾನಿಗಳಿಗಾಗಿ ಸ್ಮಿತ್‌ಸೋನಿಯನ್ ಸಂಸ್ಥೆ 1909ರಲ್ಲಿ ಕಟ್ಟಿಸಿದ್ದು. ಹೊರಗಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಮೋಡ ಕವಿದರೆ ಮಾತ್ರ ಅದರೊಳಗೆ ಆಶ್ರಯ ಪಡೆಯಬೇಡಿ. ತಗಡಿನ ಛಾವಣಿ ಅದು. 1990ರಲ್ಲಿ ಒಳಗಿದ್ದವರಿಗೇ ಸಿಡಿಲು ಬಡಿದು ಒಬ್ಬರು ಸತ್ತಿದ್ದಾರೆ.

ಇಳಿಯುವಾಗ ಮಂಡಿ ಮಾತಾಡುತ್ತದೆ, ಎರಡೂ ಊರುಗೋಲು ಬಳಸಿ. ಪೋರ್ಟಲ್ ಅಂಗಡಿ ತೆರೆದಿದ್ದರೆ ಬಿಸಿ ಫ್ರೆಂಚ್ ಫ್ರೈಸ್ ತಿನ್ನಿ. ಆಮೇಲೆ ನೇರ ರೂಮಿಗೆ. ರಾತ್ರಿ ಎರಡಕ್ಕೆ ಎದ್ದವರು ಮತ್ತೆ ಆರೇಳು ಗಂಟೆ ಕಾರು ಓಡಿಸುವುದು ಬೇಡ. ಎರಡು ರಾತ್ರಿ ರೂಮ್ ಅಂದಿದ್ದು ಇದಕ್ಕೇ.