ನೋಟರಿಯವರ ಬಳಿ ಹೋಗುವ ಮುನ್ನ

ತೀರಿಕೊಂಡ ಅಪ್ಪನ ಹೆಸರಿನಲ್ಲೇ ಉಳಿದಿರುವ ಜಮೀನಿನ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷದ ಅಫಿಡವಿಟ್ ಬೇಕಾಗಿರುವುದರಿಂದ, ನಾಳೆ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ನೋಟರಿಯವರ ಬಳಿ ಹೋಗಬೇಕಾಗಿದೆ. ಇ-ಸ್ಟಾಂಪ್ ಕಾಗದ, ಮರಣ ಪ್ರಮಾಣಪತ್ರ, ಎಲ್ಲರ ಆಧಾರ್ ಪ್ರತಿಗಳು ಫೈಲಿಗೆ ಸೇರಿವೆ. ತೊಡಕಿರುವುದು ಅಮ್ಮನ ಹೆಸರಿನಲ್ಲಿ: ಆಧಾರ್‌ನಲ್ಲಿ ಜಯಮ್ಮ, ಪಡಿತರ ಚೀಟಿಯಲ್ಲಿ ಜಯಲಕ್ಷ್ಮಮ್ಮ. ಈ ಎರಡೂ ಹೆಸರುಗಳು ಒಬ್ಬರವೇ ಎಂದು ಪ್ರತ್ಯೇಕವಾಗಿ ಪ್ರಮಾಣ ಮಾಡಿಸಬೇಕು. ಕರಡಿನ ಕೆಳಗೆ ಈಗಲೇ ಸಹಿ ಹಾಕಿಬಿಡಲು ಅಮ್ಮ ಪೆನ್ನು ಹಿಡಿದಿದ್ದರು. ಸಹಿ ನೋಟರಿಯವರ ಎದುರಿಗೇ ಆಗಬೇಕೆಂದು ತಡೆದೆ.

1952ರ ನೋಟರಿ ಕಾಯ್ದೆಯಡಿ ನೇಮಕವಾದವರು ಪ್ರಮಾಣ ಬೋಧಿಸಿ, ಸಹಿಯನ್ನು ದೃಢೀಕರಿಸಿ, ಮೊಹರು ಹಾಕಿ, ತಮ್ಮ ರಿಜಿಸ್ಟರಿನಲ್ಲಿ ನಮೂದಿಸುತ್ತಾರೆಯೇ ಹೊರತು, ಒಳಗೆ ಬರೆದದ್ದೆಲ್ಲ ನಿಜವೇ ಎಂದು ಊರಿಗೆ ಬಂದು ವಿಚಾರಿಸುವುದಿಲ್ಲ. ಸುಳ್ಳಿದ್ದರೆ ಹೊಣೆ ಪ್ರಮಾಣ ಮಾಡಿದವರದೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಿಂದ ಸದ್ದಿಲ್ಲದೆ ಕೈಬಿಡುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳು ಮೊದಲ ದರ್ಜೆಯ ವಾರಸುದಾರಳಾಗಿರುವಾಗ, ಇದು ನನಗೆ ಶುದ್ಧ ಮೋಸವಾಗಿಯೇ ಕಾಣುತ್ತದೆ. ಅಕ್ಕಂದಿರು ತಮ್ಮ ಪಾಲು ಬೇಡವೆಂದು ಫೋನಿನಲ್ಲಿ ಹೇಳಿದ್ದಾರೆ. ಆದರೂ ಅವರ ಹೆಸರು ಇರಲೇಬೇಕು. ಹಕ್ಕು ಬಿಡುಗಡೆ ಮಾಡುವುದಾದರೆ ಅದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಬೇಕಾದ ಪತ್ರ, ನೋಟರಿಯ ಮೊಹರಿನಿಂದ ಮುಗಿಯುವಂಥದ್ದಲ್ಲ. ಸದ್ಯ ದೊಡ್ಡಕ್ಕನ ಆಧಾರ್ ಪ್ರತಿ ಮಸುಕಾಗಿರುವುದರಿಂದ, ಸ್ಪಷ್ಟವಾದ ಇನ್ನೊಂದನ್ನು ಇಂದು ರಾತ್ರಿಯೊಳಗೆ ವಾಟ್ಸಾಪ್ ಮಾಡಲು ಹೇಳಿದ್ದೇನೆ.