ತೋಟದ ಗೇಟಿನೊಳಗೆ ಉದ್ದನೆಯ ಕಾರು

ನಮ್ಮ ತೋಟದ ಗೇಟಿನಿಂದ ಮನೆಯಂಗಳದವರೆಗಿನ ದಾರಿ ಮುನ್ನೂರು ಮೀಟರ್ ಇರಬಹುದು. ಗೇಟಿನ ಬಳಿ ಒಂದು ಏರು, ಅದರ ನೆತ್ತಿಯಲ್ಲಿ ಮಳೆನೀರು ಪಕ್ಕಕ್ಕೆ ಹರಿದುಹೋಗಲೆಂದು ತಂದೆಯವರು ಹಾಕಿಸಿದ್ದ ಕಲ್ಲಿನ ಅಡ್ಡಗಟ್ಟು, ಅಲ್ಲಿಂದ ಮುಂದೆ ಎರಡು ತಿರುವು, ಆಮೇಲೆ ಕಾಫಿ ಒಣಗಿಸುವ ಕಣ. ನಲವತ್ತು ವರ್ಷ ಜೀಪು ಓಡಾಡಿದ ಈ ದಾರಿಗೆ 2024ರ ಮೇ ತಿಂಗಳಲ್ಲಿ ನಾನು ಮೊದಲ ಬಾರಿಗೆ ಟೊಯೋಟಾ ಕ್ಯಾಮ್ರಿ ಕಾರನ್ನು ತಂದೆ. ಮುಂದಿನ ಚಕ್ರಗಳು ಅಡ್ಡಗಟ್ಟನ್ನು ದಾಟಿ ಕೆಳಗಿಳಿದ ಕೂಡಲೇ ಹೊಟ್ಟೆಯ ಅಡಿಯಿಂದ ಕಲ್ಲು ಉಜ್ಜಿದ ಸದ್ದು ಬಂತು, ಮತ್ತು ಆ ಸದ್ದು ಬೇಗ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅವ್ವ, "ಬಾಗಿಲು ತೆಗಿ ಮಗ, ನಾನು ಇಳಿದು ನಡೀತೇನೆ" ಎಂದರು. ಅವರು ನಡೆಯಬೇಕಾಗಿ ಬರಬಾರದೆಂದೇ ಕೊಂಡ ಕಾರು ಅದು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಅವ್ವನಿಗೆ ಈಗ 79 ವರ್ಷ. ಎರಡೂ ಮೊಣಕಾಲುಗಳು ಸವೆದಿವೆ. ತಿಂಗಳಿಗೊಮ್ಮೆಯಾದರೂ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೊಡಗಿನ ಸುಂಟಿಕೊಪ್ಪದಿಂದ ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಸೇರಲು ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮಲ್ಲಿದ್ದ ಹಳೆಯ ಜೀಪಿಗೆ ಹತ್ತಲು ಅವರಿಗೆ ಒಂದು ಮರದ ಮಣೆ ಇಡಬೇಕಾಗುತ್ತಿತ್ತು. ನೆಂಟರೊಬ್ಬರ ಮೂರು ಬಾಗಿಲಿನ ಮಹೀಂದ್ರ ಥಾರ್‌ನಲ್ಲಿ ಮುಂದಿನ ಸೀಟನ್ನು ಬಾಗಿಸಿ ಅದರ ಹಿಂದೆ ನುಸುಳಿ ಕೂರುವುದು ಅವರಿಂದ ಆಗದ ಮಾತು. ಎತ್ತರದ ದೊಡ್ಡ ಕಾರುಗಳನ್ನೂ ನೋಡಿದೆವು. ಅವುಗಳಲ್ಲಿ ಒಂದು ಕಾಲಿನ ಮೇಲೆ ಇಡೀ ಭಾರ ಹಾಕಿ ಮೇಲೇರಬೇಕಾದ ಆ ಒಂದು ಕ್ಷಣವೇ ಅವರಿಗೆ ಹೆಚ್ಚು ನೋವಿನದಾಗಿತ್ತು. ಕ್ಯಾಮ್ರಿಯಂಥ ತಗ್ಗಿನ ಸೆಡಾನ್‌ನಲ್ಲಿ ಮೊದಲು ಬಾಗಿಲಿಗೆ ಬೆನ್ನು ಕೊಟ್ಟು ಸೀಟಿನ ಅಂಚಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬಹುದು. ಇಳಿಯುವಾಗ ಮಾತ್ರ ಯಾರಾದರೂ ಎದುರಿಗೆ ನಿಂತು ಎರಡು ಕೈಗಳನ್ನು ಕೊಟ್ಟು ಎಬ್ಬಿಸಬೇಕು. ತಗ್ಗಿನ ಸೀಟಿನ ಈ ತೊಂದರೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬಾಗಿಲು ಅಗಲವಾಗಿ ತೆರೆದುಕೊಳ್ಳುವುದರಿಂದ ಎಬ್ಬಿಸುವವರಿಗೆ ನಿಲ್ಲಲು ಜಾಗವಿರುತ್ತದೆ, ಅವ್ವನ ಕಾಲಿಗೂ ಏನೂ ತಗುಲುವುದಿಲ್ಲ.

ಹೊಸ ಕಾರನ್ನು ಕೊಳ್ಳುವ ಆಲೋಚನೆ ಮೊದಲಿಂದಲೂ ಇರಲಿಲ್ಲ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇಕಡ 18, ಅದರ ಮೇಲೆ ಸೆಸ್ ಬೇರೆ. ರಾಜ್ಯದೊಳಗೇ ನೋಂದಣಿಯಾದ ಹಳೆಯ ಕಾರನ್ನು ಕೊಂಡರೆ ಆ ತೆರಿಗೆಯನ್ನು ಮೊದಲ ಮಾಲೀಕರು ಆಗಲೇ ಕಟ್ಟಿರುತ್ತಾರೆ. ಅದೂ ಅಲ್ಲದೆ, ಎಲ್ಲರೂ ಎತ್ತರದ ಕಾರುಗಳತ್ತ ಹೋಗಿರುವುದರಿಂದ ದೊಡ್ಡ ಸೆಡಾನ್‌ಗಳ ಮರುಮಾರಾಟದ ಬೆಲೆ ಬೇಗ ಕುಸಿಯುತ್ತದೆ. ಸ್ಕೋಡಾ ಸೂಪರ್ಬ್ ಕಾರಿನ ಮಾರಾಟ 2023ರಲ್ಲಿ ಇಲ್ಲಿ ನಿಂತು, ಮರುವರ್ಷ ಪೂರ್ಣ ಆಮದಾದ ರೂಪದಲ್ಲಿ ಮಾತ್ರ ಮರಳಿತು. ಹೋಂಡಾ ಅಕಾರ್ಡ್ ಅದಕ್ಕೂ ಮೊದಲೇ ನಿಂತಿತ್ತು. ಕ್ಯಾಮ್ರಿ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಕಾರು. 2019ರ ಜನವರಿಯಲ್ಲಿ ಬಂದ ಮಾದರಿಯ ಶೋರೂಮ್ ಬೆಲೆ 36.95 ಲಕ್ಷ ರೂಪಾಯಿ ಇತ್ತು. 2024ರಲ್ಲಿ ರೊಬಸ್ಟಾ ಕಾಫಿಗೆ ನಮ್ಮ ತಲೆಮಾರು ಕಾಣದ ಬೆಲೆ ಬಂದಾಗ, ತೋಟದ ಸಾಲ ತೀರಿಸಿ ಉಳಿದ ಹಣಕ್ಕೆ ಸ್ವಲ್ಪ ಸೇರಿಸಿ, ಬೆಂಗಳೂರಿನ ನಿವೃತ್ತ ಅಧಿಕಾರಿಯೊಬ್ಬರಿಂದ ಅದೇ ಮಾದರಿಯ ಐದು ವರ್ಷದ ಕಾರನ್ನು 23 ಲಕ್ಷಕ್ಕೆ ಕೊಂಡೆ. ಫಾರಂ 29, ಫಾರಂ 30 ಸಲ್ಲಿಸಿ ಮಾಲೀಕತ್ವವನ್ನು ನನ್ನ ಹೆಸರಿಗೆ ಮಾಡಿಸಿಕೊಂಡು, ವಿಳಾಸವನ್ನೂ ಮಡಿಕೇರಿಗೆ ಬದಲಾಯಿಸಿದ್ದಾಯಿತು. ನಂಬರ್ ಮಾತ್ರ ಬೆಂಗಳೂರಿನದೇ ಉಳಿಯಿತು.

ಇದು ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡರಿಂದಲೂ ಓಡುವ ಹೈಬ್ರಿಡ್ ಕಾರು. ಹಣ ಕೊಡುವ ಮುನ್ನ ಕಾರನ್ನು ಸರ್ವಿಸ್ ಸೆಂಟರಿನಲ್ಲಿ ಎತ್ತಿಸಿ ಅಡಿಭಾಗವನ್ನು ನೋಡಿದೆ ಮತ್ತು ಹೈಬ್ರಿಡ್ ಬ್ಯಾಟರಿಯ ತಪಾಸಣೆ ಮಾಡಿಸಿದೆ. ಈ ಎರಡನ್ನೂ ಮಾಡದೆ ಯಾರೂ ಇಂಥ ಕಾರನ್ನು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಅದನ್ನು ತಂಪಾಗಿಡುವ ಗಾಳಿಯನ್ನು ಅಲ್ಲಿರುವ ಕಿಂಡಿಯ ಮೂಲಕ ಕಾರಿನ ಒಳಗಿನಿಂದಲೇ ಎಳೆದುಕೊಳ್ಳಲಾಗುತ್ತದೆ. ಕಿಂಡಿಗೆ ಒಂದು ಸಣ್ಣ ಜಾಲರಿ ಇದೆ. ಬೆಂಗಳೂರಿನ ಮಾಲೀಕರು ಅದನ್ನು ತೆಗೆದು ನೋಡಿರಲಿಲ್ಲ. ಬೂದು ಬಣ್ಣದ ನಯವಾದ ಧೂಳು ಕಂಬಳಿಯಂತೆ ಕೂತಿತ್ತು. ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಕಣದಿಂದ ಏಳುವ ಕಾಫಿ ಸಿಪ್ಪೆಯ ಪುಡಿ ಅದಕ್ಕಿಂತ ಹೆಚ್ಚು. ಆದ್ದರಿಂದ ಆ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ಸ್ವಚ್ಛಗೊಳಿಸುತ್ತೇನೆ. ಅವ್ವನ ಶಾಲು ಜಾರಿ ಕಿಂಡಿಯ ಮೇಲೆ ಬೀಳದಂತೆ ನೋಡಿಕೊಳ್ಳುವುದೂ ಅಭ್ಯಾಸವಾಗಿದೆ.

ಗೇಟಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಸೆಡಾನ್ ಕೊಳ್ಳಬೇಕೆಂದಿರುವವರು ಕೇಳುವ ಮೊದಲ ಪ್ರಶ್ನೆ ಇದೇ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನಷ್ಟೇ ನೋಡಿದರೆ ಸಾಲದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರವನ್ನೂ ಅದರೊಂದಿಗೆ ಸೇರಿಸಿ ನೋಡಬೇಕು. ಥಾರ್‌ನಲ್ಲಿ ಆ ದೂರ 2,450 ಮಿಲಿಮೀಟರ್, ಕ್ಯಾಮ್ರಿಯಲ್ಲಿ 2,825. ಚಕ್ರಗಳ ನಡುವಿನ ದೂರ ಹೆಚ್ಚಾದಷ್ಟೂ ಅದೇ ಉಬ್ಬು ಕಾರಿನ ಹೊಟ್ಟೆಗೆ ಹತ್ತಿರವಾಗುತ್ತದೆ. ನಾನು ಎರಡು ಗೂಟಗಳನ್ನು 2,825 ಮಿಲಿಮೀಟರ್ ಅಂತರದಲ್ಲಿ, ಅಡ್ಡಗಟ್ಟಿನ ಆಚೆಗೊಂದು ಈಚೆಗೊಂದು ನೆಟ್ಟು, ನೆಲಮಟ್ಟದಲ್ಲಿ ಒಂದರಿಂದ ಇನ್ನೊಂದಕ್ಕೆ ದಾರ ಎಳೆಯಲು ಹೋದೆ. ನಡುವಿನ ಕಲ್ಲು ದಾರಕ್ಕೆ ಅಡ್ಡಬಂತು. ದಾರ ಕಲ್ಲಿಗೆ ತಗುಲದಿರಬೇಕಾದರೆ ಎರಡೂ ಗೂಟಗಳಲ್ಲಿ ಅದನ್ನು ಏಳು ಅಂಗುಲ ಮೇಲಕ್ಕೆ ಕಟ್ಟಬೇಕಾಯಿತು. ನಾಲ್ಕು ಜನ ಕುಳಿತಾಗ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ನಾನು ಅಳೆದ ಅಂತರ ಐದೂವರೆ ಅಂಗುಲ. ಲೆಕ್ಕ ಅಲ್ಲಿಗೆ ಮುಗಿಯಿತು. ಮೇಸ್ತ್ರಿಯವರನ್ನು ಕರೆಸಿ, ಅಡ್ಡಗಟ್ಟಿನ ತಲೆಯನ್ನು ಕೊರೆಸಿ, ಎರಡೂ ಬದಿಯ ಇಳಿಜಾರನ್ನು ಹತ್ತು ಅಡಿಯಷ್ಟು ಉದ್ದಕ್ಕೆ ಎಳೆಸಿ, ನೀರಿಗೆ ಕಬ್ಬಿಣದ ಸರಳು ಮುಚ್ಚಿದ ಚರಂಡಿ ಮಾಡಿಸಿದೆ. ಜೂನ್ ಮಳೆ ಹಿಡಿಯುವ ಒಂದು ವಾರ ಮೊದಲು ಕೆಲಸ ಮುಗಿಯಿತು. ಅಷ್ಟರವರೆಗೆ ಕಾರನ್ನು ರಸ್ತೆಬದಿಯ ನೆರೆಮನೆಯವರ ಅಂಗಳದಲ್ಲಿ ನಿಲ್ಲಿಸಿದ್ದೆ. ಕಾರು ಕೊಳ್ಳುವ ಮೊದಲೇ ದಾರ ಹಿಡಿದು ಅಳೆಯಬೇಕಿತ್ತು. ಆ ತಪ್ಪು ಪೂರ್ತಿಯಾಗಿ ನನ್ನದು.

ಓಡಿಸುವ ಅನುಭವದಲ್ಲಿ ನನಗೆ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಘಾಟಿ ಇಳಿಯುವುದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಮದೆನಾಡು, ಜೋಡುಪಾಲ ದಾಟಿ ಸಂಪಾಜೆಯ ಮೂಲಕ ಸುಳ್ಯಕ್ಕೆ ಹೋಗುವಾಗ ಸುಮಾರು ಸಾವಿರ ಮೀಟರ್ ಕೆಳಗಿಳಿಯುತ್ತೇವೆ. ಈ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಯನ್ನು ತುಂಬುತ್ತದೆ. ಆದರೆ ಬ್ಯಾಟರಿ ಚಿಕ್ಕದು. ಘಾಟಿಯ ಕಾಲುಭಾಗ ಇಳಿಯುವಷ್ಟರಲ್ಲೇ ಅದು ತುಂಬಿಬಿಡುತ್ತದೆ. ಆಮೇಲೆ ಹೆಚ್ಚುವರಿ ಶಕ್ತಿಯನ್ನು ಕಳೆಯಲು ಕಾರು ತಾನಾಗಿಯೇ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ. ಆಕ್ಸಿಲರೇಟರಿನ ಮೇಲೆ ಕಾಲಿಡದೆಯೇ ಎಂಜಿನ್ ಭೋರ್ಗರೆದಾಗ ಮೊದಲ ಸಲ ನಾನು ಗಾಬರಿಗೊಂಡು ಜೋಡುಪಾಲದ ಬಳಿ ಕಾರು ನಿಲ್ಲಿಸಿದ್ದೆ. ಈಗ ಮಡಿಕೇರಿ ಬಿಟ್ಟ ಕೂಡಲೇ ಲಿವರನ್ನು 'ಎಸ್' ಸ್ಥಾನಕ್ಕೆ ಸರಿಸಿ, ಗೇರಿನಂತೆ ಕಾಣುವ ಸಂಖ್ಯೆಯನ್ನು ಇಳಿಸಿಕೊಳ್ಳುತ್ತೇನೆ. ಆಗ ಎಂಜಿನ್ನೇ ಕಾರಿನ ವೇಗವನ್ನು ತಡೆಯುತ್ತದೆ. ಬ್ರೇಕ್ ಬಿಸಿಯಾಗುವುದಿಲ್ಲ, ಅವ್ವನ ತಲೆಯೂ ಮುಂದಕ್ಕೆ ಮುಗ್ಗರಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕುಸಿದುಹೋಗಿದ್ದ ಈ ರಸ್ತೆಯಲ್ಲಿ ಮಳೆಗಾಲದಲ್ಲಿ ಅಗತ್ಯವಿಲ್ಲದೆ ಹೋಗುವುದಿಲ್ಲವೆಂಬುದು ಮಾತ್ರ ಯಾವ ಕಾರು ಬಂದರೂ ಬದಲಾಗದ ನಿಯಮ.

ಏರು ಹತ್ತುವಾಗ ಮಾಮೂಲಿ ಗೇರುಗಳಿಲ್ಲದ ಕಾರಣ ಎಂಜಿನ್ನಿನ ಸದ್ದು ಒಂದೇ ಶ್ರುತಿಯಲ್ಲಿ ನಿಂತುಬಿಡುತ್ತದೆ. ಅದು ನನಗೆ ಹಿಡಿಸಿಲ್ಲ. ಶಕ್ತಿಗೇನೂ ಕೊರತೆಯಿಲ್ಲ, ಎಂಜಿನ್ ಮತ್ತು ಮೋಟಾರು ಸೇರಿ 218 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ). ಪೆಟ್ರೋಲು ಲೀಟರಿಗೆ ಮೈಸೂರು ರಸ್ತೆಯಲ್ಲಿ 18 ಕಿಲೋಮೀಟರ್ ಕೊಡುತ್ತದೆ, ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ 12 ಕೂಡ ಕಷ್ಟ.

ಮೋಟಾರಿನಲ್ಲಿ ಸದ್ದಿಲ್ಲದೆ ಚಲಿಸುವ ಗುಣವನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ಕಡೆ ಅದಕ್ಕೆ ಇನ್ನೊಂದು ಮುಖವಿದೆ. ಕಳೆದ ಡಿಸೆಂಬರಿನಲ್ಲಿ ಸಿದ್ದಾಪುರದಿಂದ ಬೆಳಗಿನ ಮಂಜಿನಲ್ಲಿ ನಿಧಾನವಾಗಿ ಬರುತ್ತಿದ್ದಾಗ, ತಿರುವಿನ ಆಚೆ ಮರಿಯೊಂದಿಗೆ ಎರಡು ಆನೆಗಳು ರಸ್ತೆ ದಾಟಲು ನಿಂತಿದ್ದವು. ಎಂಜಿನ್ ಆರಿತ್ತು, ಜೀಪಾಗಿದ್ದರೆ ದೂರದಿಂದಲೇ ಅವುಗಳಿಗೆ ಕೇಳಿಸುತ್ತಿತ್ತು. ನಮ್ಮಿಬ್ಬರ ನಡುವೆ ಮೂವತ್ತು ಮೀಟರ್ ಇದ್ದಾಗ ದೊಡ್ಡ ಆನೆ ಬೆಚ್ಚಿ ಕಿವಿ ಅಗಲಿಸಿತು. 4,885 ಮಿಲಿಮೀಟರ್ ಉದ್ದದ ಕಾರನ್ನು ಆ ಕಿರಿದಾದ ರಸ್ತೆಯಲ್ಲಿ ತಿರುಗಿಸುವ ಮಾತೇ ಇರಲಿಲ್ಲ. ಕ್ಯಾಮೆರಾ ನೋಡುತ್ತಾ ತಿರುವಿನವರೆಗೆ ಹಿಂದಕ್ಕೆ ಬಂದು ಇಪ್ಪತ್ತು ನಿಮಿಷ ಕಾದೆ. ಅಂದಿನಿಂದ ಆನೆ ಓಡಾಡುವ ದಾರಿಯಲ್ಲಿ ಪ್ರತಿ ತಿರುವಿಗೂ ಮೊದಲು 'ಎಸ್' ಸ್ಥಾನದಲ್ಲೇ ಇಟ್ಟು ಎಂಜಿನ್ ಸದ್ದು ಬರುವಂತೆ ಓಡಿಸುತ್ತೇನೆ. ತೋಟದೊಳಗೂ ಹಾಗೆಯೇ, ಕೆಲಸಗಾರರ ಲೈನ್‌ಮನೆಯ ಮಕ್ಕಳು ಬೆನ್ನು ತಿರುಗಿಸಿ ಆಡುತ್ತಿರುತ್ತಾರೆ.

ಮಳೆಗಾಲದ ಎರಡು ಮಾತು. ಕಳೆದ ವರ್ಷ ಜುಲೈನಲ್ಲಿ ಮೂರು ವಾರ ಕಾರನ್ನು ತೆಗೆಯಲೇ ಇಲ್ಲ. ತೆಗೆಯಲು ಹೋದಾಗ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿತ್ತು. ದೊಡ್ಡ ಬ್ಯಾಟರಿ ಎಷ್ಟೇ ಚೆನ್ನಾಗಿದ್ದರೂ ಸಣ್ಣದು ಇಲ್ಲದೆ ಕಾರು ಎಚ್ಚರಗೊಳ್ಳುವುದಿಲ್ಲ. ಜೀಪಿನಿಂದ ವೈರು ಕೊಟ್ಟು ಎಬ್ಬಿಸಿದೆವು. ಈಗ ವಾರಕ್ಕೊಮ್ಮೆ 'ರೆಡಿ' ದೀಪ ಬರುವಂತೆ ಆನ್ ಮಾಡಿ ಅರ್ಧ ಗಂಟೆ ಬಿಡುತ್ತೇನೆ. ಬರೀ ರೇಡಿಯೊ ಹಾಕಿದರೆ ಚಾರ್ಜ್ ಆಗದು. ಇನ್ನೊಂದು, ಕರಡಿಗೋಡಿನ ಕಡೆ ಕಾವೇರಿ ಉಕ್ಕಿ ರಸ್ತೆಗೆ ಬಂದಾಗ ಈ ಕಾರನ್ನು ನೀರಿಗಿಳಿಸುವುದಿಲ್ಲ. ಆ ದಿನಗಳಿಗೆ ಜೀಪು ಇದೆ, ಅದನ್ನು ಮಾರುವ ಯೋಚನೆಯೂ ಇಲ್ಲ.

ಖರ್ಚಿನಲ್ಲಿ ನನಗೆ ಭಾರವೆನಿಸಿದ್ದು ಟೈರು. 235/45 ಆರ್18 ಅಳತೆಯ ಟೈರಿನ ಪಕ್ಕದ ಗೋಡೆಯ ಎತ್ತರ ಹತ್ತೂವರೆ ಸೆಂಟಿಮೀಟರಿನಷ್ಟೇ. ಪಿರಿಯಾಪಟ್ಟಣದ ಹತ್ತಿರ ನೀರು ತುಂಬಿದ ಒಂದು ಗುಂಡಿಗೆ ಬಿದ್ದು ಎಡಗಡೆಯ ಮುಂದಿನ ಟೈರಿನ ಪಕ್ಕ ಉಬ್ಬಿಬಂತು. ಕುಶಾಲನಗರದಲ್ಲಿ ಆ ಅಳತೆಯದು ಸಿಗಲಿಲ್ಲ, ಮೈಸೂರಿನಿಂದ ತರಿಸಲು ಎರಡು ದಿನ ಬೇಕಾಯಿತು. ಆ ಎರಡು ದಿನಗಳ ನಡುವೆಯೇ ಅವ್ವನ ಆಸ್ಪತ್ರೆಯ ದಿನವಿತ್ತು, ನೆರೆಮನೆಯವರ ಎತ್ತರದ ಕಾರಿನಲ್ಲಿ ಹೋಗಬೇಕಾಯಿತು. ಹತ್ತುವಾಗ ಅವರ ಮುಖ ಹಿಂಡಿಕೊಂಡದ್ದನ್ನು ಕಂಡು, ಮರಳಿ ಬಂದ ಮೇಲೆ ಅದೇ ಅಳತೆಯ ಇನ್ನೊಂದು ಟೈರನ್ನು ಹೆಚ್ಚುವರಿಯಾಗಿ ಕೊಂಡು ಕಾಫಿ ಗೋದಾಮಿನಲ್ಲಿ ಇಟ್ಟಿದ್ದೇನೆ.

ಕಳೆದ ವಾರ ಮೈಸೂರಿನಿಂದ ಹಿಂತಿರುಗುವಾಗ ಬೈಲಕುಪ್ಪೆಯ ಹೊತ್ತಿಗೆ ಅವ್ವ ಕೈಯೊರಗಿನ ಮೇಲಿನ ಗುಂಡಿಯನ್ನು ತಾವೇ ಒತ್ತಿ ಸೀಟಿನ ಬೆನ್ನನ್ನು ಹಿಂದಕ್ಕೆ ವಾಲಿಸಿಕೊಂಡು ಮಲಗಿದ್ದರು. ಗೇಟಿನ ಏರು ಹತ್ತಿ, ಚರಂಡಿಯ ಸರಳುಗಳ ಮೇಲೆ ನಾಲ್ಕೂ ಚಕ್ರಗಳು ಹಾದು, ಕಣದ ಪಕ್ಕ ಕಾರು ನಿಂತ ಮೇಲೆ ನಾನೇ ಅವರನ್ನು ಎಬ್ಬಿಸಬೇಕಾಯಿತು.