ಮುಗಲಾಗೊಂದು ಪಂಪು

ಯುಗಾದಿ ಮರುದಿನ ಗದಗಿನ್ಯಾಗ ಕರೆಂಟ್ ಹೋತು. ಓಣಿ ಮಂದಿ ಎಲ್ಲಾ ಮಾಳಿಗಿ ಮ್ಯಾಲೆ.

ಬಾಜೂ ಮನಿ ಹುಡುಗ ಮೊಬೈಲ್ ದಕ್ಷಿಣಕ್ಕ ಹಿಡದು, "ಕಾಕಾ, ಇಲ್ಲೆ ಆಂಟ್ಲಿಯಾ ಅನ್ನೋ ನಕ್ಷತ್ರಪುಂಜ ಐತಿ ಅಂತ ತೋರಸಾಕತ್ತೈತಿ. ಅಲ್ಲಿ ನೋಡಿದ್ರ ಏನೂ ಇಲ್ಲಲ್ರೀ" ಅಂದ.

ಖರೇನ. ಅದರಾಗಿನ ಎಲ್ಲಕ್ಕಿಂತ ಹೊಳಿಯೋ ಚುಕ್ಕಿನೂ ಮಬ್ಬು, ಕಾಂತಿಮಾನ 4.3ರ ಹತ್ರ (ಈ ಅಂಕಿ ಹೆಚ್ಚಾದಷ್ಟೂ ಚುಕ್ಕಿ ಮಬ್ಬು). ಬೀದಿ ದೀಪ ಇದ್ದಿದ್ರ ಅದೂ ಕಾಣ್ತಿರಲಿಲ್ಲ.

ಅಂಥಾ ಖಾಲಿ ಜಾಗಕ್ಕ ಹೆಸರಿಟ್ಟಾವ ಫ್ರಾನ್ಸಿನ ಖಗೋಳ ವಿಜ್ಞಾನಿ ಲಕಾಯ್. 1751-52ರಾಗ ಆಫ್ರಿಕಾದ ದಕ್ಷಿಣ ತುದೀಗೆ ಹೋಗಿ, ಅರ್ಧ ಇಂಚು ಅಗಲದ ಗಾಜಿನ ದುರ್ಬೀನು ಹಿಡಕೊಂಡು, ಹತ್ತಿರ ಹತ್ತಿರ 10,000 ಚುಕ್ಕಿ ಲೆಕ್ಕಕ್ಕ ತಂದ ಪುಣ್ಯಾತ್ಮ. ಹೊಸಾ ಪುಂಜ ಮಾಡಿದ್ದು 14. ದೇವರಿಲ್ಲ, ರಾಜರಿಲ್ಲ. ಗಡಿಯಾರ, ಸೂಕ್ಷ್ಮದರ್ಶಕ, ಕುಲುಮಿ, ಕೆತ್ತನಿ ಉಳಿ... ಈ ಆಂಟ್ಲಿಯಾ ಅಂದ್ರ ಗಾಳಿ ಪಂಪು.

"ಸೈಕಲ್ಲಿಂದೇನ್ರೀ?"

ಅಲ್ಲೋ. ಪಾತ್ರ್ಯಾಗಿನ ಗಾಳಿ ಹೊರಗ ಜಗ್ಗೋದು, ನಿರ್ವಾತ ಮಾಡಾಕ. ಖಾಲಿ ಮಾಡೋ ಯಂತ್ರಕ್ಕ ಮುಗಲಾಗ ಖಾಲಿ ಜಾಗಾನ ಸಿಕ್ತು ನೋಡ್ರಿ!

ನನಗ ಈ ಮನಷ್ಯಾ ಭಾಳ ಸೇರಿದ. ಆಗಿನ ಕಾಲಕ್ಕ ರಾಜರನ್ನ ಖುಷಿ ಮಾಡಾಕ ಅವರ ಹೆಸರಿನ ಪುಂಜ ಮಾಡಿದಾವ್ರೂ ಇದ್ರು. ಇಂವ ಖಂಡೇನವಮಿಗೆ ನಾವು ಹತಾರ ಪೂಜಿಗಿಟ್ಟಂಗ ದುಡಿಯೋ ಸಾಮಾನೆಲ್ಲಾ ಮ್ಯಾಲೆ ಇಟ್ಟ.

ಮುಂದ 1801ರಾಗ ಬೋಡೆ ಅನ್ನೋ ಜರ್ಮನಿಯಾವ ಪ್ರಿಂಟಿಂಗ್ ಪ್ರೆಸ್ಸಿಗೂ ಒಂದು ಪುಂಜ ಮಾಡಿದ್ದ. ಈಗಿನ 88 ಪುಂಜದ ಪಟ್ಟಿಯೊಳಗ ಅದು ಇಲ್ಲ. ಇಷ್ಟು ಪ್ರೆಸ್ ಇರೋ ನಮ್ಮ ಗದಗಿನವ್ರು ಇದಕ್ಕೊಂದು ತಕರಾರು ಅರ್ಜಿ ಹಾಕಬೇಕ್ ನೋಡ್ರಿ.